ಹಲ್ಲಿನ ಹೆಸರು, ಹಲ್ಲಿನ ಊರು

ಮೊರಾಕ್ಕೊದ ಆಗ್ನೇಯ ಮೂಲೆಯಲ್ಲಿ, ಅಲ್ಜೀರಿಯಾದ ಗಡಿಗೆ ಹತ್ತಿರ, ಕೆಮ್ ಕೆಮ್ ಎಂದು ಹೆಸರಾದ ಕೆಂಪು ಮರಳುಗಲ್ಲಿನ ಪದರಗಳಿವೆ. ಸುಮಾರು ಹತ್ತು ಕೋಟಿ ವರ್ಷಗಳ ಹಿಂದೆ ಅಲ್ಲಿ ದೊಡ್ಡ ನದಿಗಳು ಹರಿಯುತ್ತಿದ್ದವು. ಆ ಮರಳಿನಲ್ಲಿ ಹೂತುಹೋದ ಹಲ್ಲುಗಳನ್ನು ಸುತ್ತಲಿನ ಹಳ್ಳಿಗಳವರು ಬೆಟ್ಟದ ಒಡಲಿಗೆ ಸುರಂಗ ಕೊರೆದು ತೆಗೆಯುತ್ತಾರೆ. ಹಲ್ಲು ಎರ್ಫೂದ್, ರಿಸ್ಸಾನಿಯಂಥ ಪಟ್ಟಣಗಳ ವ್ಯಾಪಾರಿಗಳ ಕೈಸೇರುತ್ತದೆ. ಅಲ್ಲಿಂದ ಯುರೋಪು, ಅಮೆರಿಕದ ಪಳೆಯುಳಿಕೆ ಮೇಳಗಳಿಗೂ ಆನ್‌ಲೈನ್ ಅಂಗಡಿಗಳಿಗೂ ಹೋಗುತ್ತದೆ. ಕೊಳ್ಳುವವನ ಕೈಗೆ ಬರುವ ಹೊತ್ತಿಗೆ ಅದರ ಜೊತೆ ಒಂದು ಚೀಟಿ ಇರುತ್ತದೆ: ಸ್ಪೈನೋಸಾರಸ್, ಕಾರ್ಕರೊಡಾಂಟೊಸಾರಸ್, ಡೆಲ್ಟಾಡ್ರೋಮಿಯಸ್, ರೆಬ್ಬಾಕಿಸಾರಸ್. ಇವುಗಳಲ್ಲಿ ಕೊನೆಯ ಎರಡು ಹೆಸರುಗಳನ್ನು ಕೊಂಚ ನಿಂತು ನೋಡಬೇಕು. ಡೆಲ್ಟಾಡ್ರೋಮಿಯಸ್‌ಗೆ 1996ರಲ್ಲಿ ಪಾಲ್ ಸೆರೆನೊ ಮತ್ತು ಸಂಗಡಿಗರು ಹೆಸರಿಟ್ಟರು. ಅವರಿಗೆ ಸಿಕ್ಕಿದ್ದ ಅಸ್ಥಿಪಂಜರಕ್ಕೆ ತಲೆಬುರುಡೆ ಇರಲಿಲ್ಲ. ರೆಬ್ಬಾಕಿಸಾರಸ್‌ಗೆ 1954ರಲ್ಲಿ ರೆನೆ ಲವೊಕಾ ಹೆಸರಿಟ್ಟದ್ದು ಬೆನ್ನೆಲುಬು, ಭುಜದ ಮೂಳೆಗಳಂಥ ಭಾಗಗಳನ್ನು ನೋಡಿ. ಅದಕ್ಕೂ ತಲೆ ಇರಲಿಲ್ಲ. ಅಂದರೆ ಬಾಯಿಯೇ ಸಿಗದ ಪ್ರಾಣಿಗಳ ಹಲ್ಲುಗಳು ಹೆಸರು ಹೊತ್ತು, ಬೆಲೆ ಹೊತ್ತು, ಮಾರಾಟವಾಗುತ್ತಿವೆ.

ಇದನ್ನು ಬರೀ ವ್ಯಾಪಾರಿಯ ಮೋಸ ಎಂದು ತಳ್ಳಿಹಾಕುವುದು ಸುಲಭ, ಆದರೆ ಅದು ಪೂರ್ತಿ ಸರಿಯಲ್ಲ. ಒಂಟಿ ಹಲ್ಲಿಗೆ ಇಡೀ ಪ್ರಾಣಿಯ ಹೆಸರು ಕೊಡುವ ಚಾಳಿಯನ್ನು ಸಂತೆಗೆ ಕಲಿಸಿದ್ದು ವಿಜ್ಞಾನವೇ. ಡೈನೋಸಾರ್‌ಗಳ ಅಧ್ಯಯನದ ಆರಂಭದಲ್ಲಿ ಹಲ್ಲುಗಳ ಪಾತ್ರ ದೊಡ್ಡದು. ಅದರ ಮೊದಲ ನೂರು ವರ್ಷಗಳಲ್ಲಿ ಹಲ್ಲು ನೋಡಿ ಕೊಟ್ಟ ಹೆಸರುಗಳಲ್ಲಿ ಬಹಳಷ್ಟು ಇಂದು ನಿಂತಿಲ್ಲ. ವಿಜ್ಞಾನ ಆ ಚಾಳಿಯನ್ನು ನಿಧಾನವಾಗಿ ಬಿಟ್ಟಿತು, ಸಂತೆ ಬಿಡಲಿಲ್ಲ. ಈ ಎರಡು ಶತಮಾನಗಳ ಚರಿತ್ರೆಯನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಮಾತು ಮತ್ತೆ ಮತ್ತೆ ರುಜುವಾತಾಗುತ್ತದೆ. ಹಲ್ಲು ತಾನಾಗಿ ಹೇಳುವುದು ಹೆಚ್ಚೆಂದರೆ ಪ್ರಾಣಿಯ ಮನೆತನವನ್ನು. ಅದರಾಚೆಗಿನ ಹೆಸರನ್ನು ಹೇಳುವುದು ಹಲ್ಲು ಸಿಕ್ಕ ಊರು ಮತ್ತು ಬಂಡೆಯ ಪದರ. ಹಾಗಾಗಿ ಹಲ್ಲನ್ನು ಕೊಳ್ಳುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ‘ಇದು ಯಾವುದರದು’ ಎಂಬುದಲ್ಲ, ‘ಇದು ಎಲ್ಲಿಯದು’ ಎಂಬುದು.

ಮೊದಲ ಪ್ರಕರಣ ಇಂಗ್ಲೆಂಡಿನ ಸಸೆಕ್ಸ್ ಸೀಮೆಯದು. ಗಿಡಿಯನ್ ಮ್ಯಾಂಟೆಲ್ ಎಂಬ ವೈದ್ಯ ಟಿಲ್‌ಗೇಟ್ ಕಾಡಿನ ಕಡೆಯ ಕಲ್ಲುಗಣಿಗಳಿಂದ ಬಂದ ದೊಡ್ಡ, ಸವೆದ, ಎಲೆಯಾಕಾರದ ಹಲ್ಲುಗಳನ್ನು 1822ರ ತನ್ನ ಪುಸ್ತಕದಲ್ಲಿ ಪ್ರಸ್ತಾಪಿಸಿದ. ಹೆಂಡತಿ ಮೇರಿ ಆನ್ ರಸ್ತೆ ಬದಿಯ ಜಲ್ಲಿಯಲ್ಲಿ ಮೊದಲ ಹಲ್ಲನ್ನು ಕಂಡಳು ಎಂಬ ಕತೆ ಜನಪ್ರಿಯ. ಇತಿಹಾಸಕಾರರು ಅದನ್ನು ಅಷ್ಟಾಗಿ ನಂಬುವುದಿಲ್ಲ. ಮುಖ್ಯವಾದದ್ದು ಮುಂದೆ ಆದದ್ದು. 1823ರಲ್ಲಿ ಚಾರ್ಲ್ಸ್ ಲಯೆಲ್ ಒಂದು ಹಲ್ಲನ್ನು ಪ್ಯಾರಿಸ್ಸಿಗೆ ಒಯ್ದು ಆ ಕಾಲದ ಅತಿ ದೊಡ್ಡ ಅಂಗರಚನಾ ಪಂಡಿತ ಕುವಿಯೆಗೆ ತೋರಿಸಿದಾಗ, ಅದು ಖಡ್ಗಮೃಗದ್ದು ಎಂಬ ಉತ್ತರ ಬಂತು. ಹಲ್ಲನ್ನಷ್ಟೇ ನೋಡಿದರೆ ಅದು ತೀರ ಅವಿವೇಕದ ಉತ್ತರವೂ ಅಲ್ಲ: ಸೊಪ್ಪು ಅಗಿದು ಸವೆದ ಮೇಲ್ಮೈ ಸಸ್ತನಿಗಳ ಹಲ್ಲಿನಂತೆಯೇ ಇತ್ತು, ಹಾಗೆ ಅಗಿಯುವ ಸರೀಸೃಪವನ್ನು ಯಾರೂ ಕಂಡಿರಲಿಲ್ಲ. ಆ ಉತ್ತರವನ್ನು ಒಪ್ಪದಿರಲು ಮ್ಯಾಂಟೆಲ್‌ಗೆ ಇದ್ದ ಬಲವಾದ ಆಧಾರ ಬಂಡೆಯದು. ಟಿಲ್‌ಗೇಟಿನ ಪದರಗಳು ದೊಡ್ಡ ಸಸ್ತನಿಗಳ ಕಾಲಕ್ಕಿಂತ ಬಹಳ ಹಿಂದಿನವು, ಅಲ್ಲಿ ಖಡ್ಗಮೃಗ ಇರಲು ಸಾಧ್ಯವಿಲ್ಲ ಎಂಬುದನ್ನು ಆತ ಪಟ್ಟುಹಿಡಿದು ಸಾಧಿಸಬೇಕಾಯಿತು. ಆಮೇಲೆ ಲಂಡನ್ನಿನ ಹಂಟೇರಿಯನ್ ಸಂಗ್ರಹಾಲಯದಲ್ಲಿ ಸ್ಯಾಮ್ಯುಯೆಲ್ ಸ್ಟಚ್‌ಬರಿ ಇಗ್ವಾನಾ ಎಂಬ ಹಲ್ಲಿಯ ಜಾತಿಯ ಹಲ್ಲುಗಳ ಹೋಲಿಕೆಯನ್ನು ತೋರಿಸಿಕೊಟ್ಟ. ಕುವಿಯೆಯೂ ತನ್ನ ಮಾತನ್ನು ತಿದ್ದಿಕೊಂಡ. 1825ರಲ್ಲಿ ಇಗ್ವಾನೋಡಾನ್ ಎಂಬ ಹೆಸರು ಪ್ರಕಟವಾಯಿತು. ಹಲ್ಲು ಮಾತಾಡಿದ್ದು ನಿಜ, ಆದರೆ ಅದು ಮಾತಾಡಿದ್ದು ಪದರದ ವಯಸ್ಸು ಇತ್ಯರ್ಥವಾದ ಬಳಿಕ.

ಈ ಪ್ರಕರಣ ಅಲ್ಲಿಗೆ ಮುಗಿಯಲಿಲ್ಲ. 1878ರಲ್ಲಿ ಬೆಲ್ಜಿಯಂನ ಬೆರ್ನಿಸಾರ್ ಕಲ್ಲಿದ್ದಲು ಗಣಿಯಲ್ಲಿ, ನೆಲದಿಂದ 322 ಮೀಟರ್ ಆಳದಲ್ಲಿ, ಇಂಥ ಪ್ರಾಣಿಗಳ ಅಸ್ಥಿಪಂಜರಗಳ ರಾಶಿಯೇ ಸಿಕ್ಕಿತು. ಮೂವತ್ತಕ್ಕೂ ಹೆಚ್ಚು ಪ್ರಾಣಿಗಳು, ಅವುಗಳಲ್ಲಿ ಹಲವು ತಲೆಯಿಂದ ಬಾಲದವರೆಗೆ ಪೂರ್ತಿ. ಇಗ್ವಾನೋಡಾನ್ ಹೇಗಿತ್ತು ಎಂದು ಲೋಕಕ್ಕೆ ಗೊತ್ತಾದದ್ದು ಅವುಗಳಿಂದ. ಆದರೆ ಇಂಗ್ಲೆಂಡಿನ ಅದೇ ಬಗೆಯ ಪದರಗಳಿಂದ ಮುಂದೆ ಬಂದ ಮೂಳೆಗಳನ್ನು ಸೂಕ್ಷ್ಮವಾಗಿ ಬಿಡಿಸಿದಾಗ ಅಲ್ಲಿ ಒಂದಲ್ಲ, ಹಲವು ಬಗೆಯ ಪ್ರಾಣಿಗಳಿದ್ದವು ಎಂದು ತಿಳಿಯಿತು. ಬರಿಲಿಯಂ, ಹೈಪ್ಸೆಲೊಸ್ಪೈನಸ್ ಎಂಬ ಹೆಸರುಗಳು 2010ರಲ್ಲಷ್ಟೇ ಬಂದವು. ಮ್ಯಾಂಟೆಲ್‌ನ ಮೂಲ ಹಲ್ಲುಗಳು ಇವುಗಳಲ್ಲಿ ಯಾವುದರವು? ಹೇಳಲಾಗದು. ಆ ಹೊಸ ಹೆಸರುಗಳು ಬರುವ ಮೊದಲೇ, 2000ದಲ್ಲಿ, ಪ್ರಾಣಿಗಳ ನಾಮಕರಣವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಆಯೋಗ ಇಗ್ವಾನೋಡಾನ್ ಎಂಬ ಹೆಸರನ್ನು ಆ ಹಲ್ಲುಗಳಿಂದ ಬಿಡಿಸಿ ಬೆಲ್ಜಿಯಂನ ಅಸ್ಥಿಪಂಜರಕ್ಕೆ ಕಟ್ಟಿತು. ಚರಿತ್ರೆಯಲ್ಲೇ ಅತ್ಯಂತ ಹೆಸರುವಾಸಿಯಾದ ಡೈನೋಸಾರ್ ಹಲ್ಲುಗಳಿಗೆ ಈಗ ತಾವೇ ಹುಟ್ಟುಹಾಕಿದ ಹೆಸರಿನ ಮೇಲೆ ಹಕ್ಕಿಲ್ಲ.

ಅಮೆರಿಕದಲ್ಲೂ ಇದೇ ನಡೆಯಿತು, ಇನ್ನೂ ಧಾರಾಳವಾಗಿ. ಫರ್ಡಿನಂಡ್ ಹೇಡನ್ ಈಗಿನ ಮೊಂಟಾನಾದ ಜೂಡಿತ್ ನದಿಯ ಪ್ರದೇಶದಿಂದ ತಂದ ಬಿಡಿ ಹಲ್ಲುಗಳನ್ನು ಫಿಲಡೆಲ್ಫಿಯಾದ ಜೋಸೆಫ್ ಲೈಡಿ 1856ರಲ್ಲಿ ಪರಿಶೀಲಿಸಿ ನಾಲ್ಕು ಹೆಸರು ಕೊಟ್ಟ: ಟ್ರಾಕೊಡಾನ್, ಟ್ರೂಡಾನ್, ಡೈನೋಡಾನ್, ಪೇಲಿಯೊಸ್ಕಿಂಕಸ್. ಲೈಡಿ ಉತಾವಳಿಯ ಮನುಷ್ಯನಲ್ಲ. ಆ ದೇಶದ ಅತ್ಯಂತ ಎಚ್ಚರದ ಅಂಗರಚನಾ ತಜ್ಞರಲ್ಲಿ ಒಬ್ಬ. ಆದರೂ ಅವನು ಟ್ರಾಕೊಡಾನ್ ಎಂದು ಒಟ್ಟು ಮಾಡಿದ ಹಲ್ಲುಗಳಲ್ಲಿ ಬಾತುಮೂತಿಯ ಡೈನೋಸಾರ್‌ಗಳವೂ ಇದ್ದವು, ಕೊಂಬಿನ ಡೈನೋಸಾರ್‌ಗಳ ಎರಡು ಬೇರಿನ ಹಲ್ಲೂ ಇತ್ತು. ಕೊಂಬಿನ ಡೈನೋಸಾರ್ ಎಂಬ ಗುಂಪೊಂದಿತ್ತು ಎಂಬುದೇ ಆಗ ತಿಳಿದಿರಲಿಲ್ಲವಾದ್ದರಿಂದ ಬೇರೆ ಮಾಡುವ ದಾರಿ ಅವನಿಗಿರಲಿಲ್ಲ. ಮುಂದೆ ಸಿಕ್ಕ ಎಷ್ಟೋ ಬಾತುಮೂತಿಯ ಅಸ್ಥಿಪಂಜರಗಳು ಟ್ರಾಕೊಡಾನ್ ಎಂಬ ಹೆಸರಿನಲ್ಲೇ ಸಂಗ್ರಹಾಲಯಗಳಲ್ಲಿ ನಿಂತವು, ಮಕ್ಕಳ ಪುಸ್ತಕಗಳಲ್ಲೂ ಮೆರೆದವು. ಇಂದು ಆ ಹೆಸರನ್ನು ಸಂಶಯಾಸ್ಪದ ಎಂದು ಬದಿಗಿಟ್ಟಿದ್ದಾರೆ. ಡೈನೋಡಾನ್, ಪೇಲಿಯೊಸ್ಕಿಂಕಸ್‌ಗಳ ಗತಿಯೂ ಅದೇ.

ನಾಲ್ಕರಲ್ಲಿ ಟ್ರೂಡಾನ್ ಪಟ್ಟ ಪಾಡು ಹೆಚ್ಚು ಬೋಧಪ್ರದ. ಅದಕ್ಕೆ ಆಧಾರವಾದದ್ದು ಒಂದೇ ಒಂದು ಸಣ್ಣ ಹಲ್ಲು. ಅದರ ಅಂಚಿನಲ್ಲಿ ತುದಿಯತ್ತ ಬಾಗಿದ ದಪ್ಪ ದಪ್ಪ ಮೊನೆಗಳು. ಲೈಡಿ ಅದನ್ನು ಹಲ್ಲಿ ಜಾತಿಯ ಪ್ರಾಣಿಯದೆಂದ. 1924ರಲ್ಲಿ ಚಾರ್ಲ್ಸ್ ಗಿಲ್ಮೋರ್ ಅದು ಗುಮ್ಮಟದಂಥ ತಲೆಯ ಸಸ್ಯಾಹಾರಿ ಡೈನೋಸಾರ್‌ನದೆಂದ. 1987ರಲ್ಲಿ ಕೆನಡಾದ ಫಿಲಿಪ್ ಕರಿ ಅದು ಚುರುಕಾದ, ದೊಡ್ಡ ಮಿದುಳಿನ ಚಿಕ್ಕ ಮಾಂಸಾಹಾರಿಯದು, ಅಸ್ಥಿಪಂಜರ ಸಿಕ್ಕಿದ್ದ ಸ್ಟೆನೋನೈಕೊಸಾರಸ್ ಕೂಡ ಇದೇ ಎಂದು ತೋರಿಸಿದ. ಅಲ್ಲಿಂದ ಮೂವತ್ತು ವರ್ಷ ಟ್ರೂಡಾನ್ ಎಂಬುದು ‘ಅತ್ಯಂತ ಜಾಣ ಡೈನೋಸಾರ್’ ಎಂದು ಮನೆಮಾತಾಗಿತ್ತು. 2017ರಲ್ಲಿ ಅದೇ ಕರಿ ತನ್ನ ಸಹೋದ್ಯೋಗಿಯ ಜೊತೆ ಸೇರಿ, ಒಂದು ಹಲ್ಲಿನ ಆಧಾರದ ಮೇಲೆ ಪ್ರಭೇದವನ್ನು ಗುರುತಿಸಲಾಗದು ಎಂದು ಸ್ಟೆನೋನೈಕೊಸಾರಸ್ ಎಂಬ ಹೆಸರನ್ನು ಮತ್ತೆ ಎತ್ತಿಹಿಡಿದ. ನೂರಾರವತ್ತು ವರ್ಷಗಳಲ್ಲಿ ಆ ಹಲ್ಲು ಒಂದಿಷ್ಟೂ ಬದಲಾಗಲಿಲ್ಲ. ಬದಲಾದದ್ದು ಸುತ್ತ ಸಿಕ್ಕ ಮೂಳೆಗಳ ರಾಶಿ. ಈಗಲೂ ಸಂತೆಯಲ್ಲಿ ‘ಟ್ರೂಡಾನ್ ಹಲ್ಲು’ ಕೊಳ್ಳಲು ಸಿಗುತ್ತದೆ.

ನಮ್ಮ ದೇಶವೂ ಈ ಚರಿತ್ರೆಯ ಹೊರಗಿಲ್ಲ. ನಾಗಪುರದ ಹತ್ತಿರದ ತಾಕ್ಲಿಯಲ್ಲಿ ಸಿಕ್ಕಿದ್ದ ಒಂದು ಹಲ್ಲಿಗೆ ರಿಚರ್ಡ್ ಲಿಡೆಕ್ಕರ್ 1890ರಲ್ಲಿ ಮ್ಯಾಸೊಸ್ಪಾಂಡಿಲಸ್ ಕುಲದ ಹೆಸರು ಕೊಟ್ಟ. ಮ್ಯಾಸೊಸ್ಪಾಂಡಿಲಸ್ ದಕ್ಷಿಣ ಆಫ್ರಿಕಾದ, ಉದ್ದ ಕತ್ತಿನ ಸಸ್ಯಾಹಾರಿ. ಅದು ಬದುಕಿದ್ದ ಕಾಲಕ್ಕೂ ತಾಕ್ಲಿಯ ಪದರಕ್ಕೂ ಹತ್ತು ಕೋಟಿ ವರ್ಷಕ್ಕಿಂತ ಹೆಚ್ಚಿನ ಅಂತರ. ಇಂದು ಆ ಹಲ್ಲು ಮಾಂಸಾಹಾರಿಯದು, ಬಹುಶಃ ಅಬೆಲಿಸಾರ್ ಮನೆತನದ್ದು ಎಂದು ಗುರುತಿಸುತ್ತಾರೆ. ಜಬಲ್‌ಪುರದ ಬಾರಾ ಸಿಮ್ಲಾ ಗುಡ್ಡದಿಂದ ಬಂದ ಇನ್ನೊಂದು ಹಲ್ಲಿಗೆ ಕಲ್ಕತ್ತೆಯ ಹೇಮಚಂದ್ರ ದಾಸ್‌ಗುಪ್ತ 1930-31ರ ಸುಮಾರಿಗೆ ಆರ್ಥೊಗೋನಿಯೊಸಾರಸ್ ಎಂಬ ಹೊಸ ಕುಲವನ್ನೇ ಕಟ್ಟಿದ. ಅದೂ ಇಂದು ಬಳಕೆಯಲ್ಲಿಲ್ಲದ ಹೆಸರು. 2003ರಲ್ಲಿ ಗುಜರಾತಿನ ರಹಿಯೋಲಿಯ ಮೂಳೆಗಳಿಂದ ರಾಜಾಸಾರಸ್‌ಗೆ ಹೆಸರಿಟ್ಟಾಗ ಆ ಹೆಸರಿಗೆ ಆಧಾರವಾದದ್ದು ತಲೆಬುರುಡೆಯ ಹಿಂಭಾಗ, ಬೆನ್ನೆಲುಬು, ಸೊಂಟ, ಕಾಲಿನ ಮೂಳೆಗಳು. ಕೆಲಸದ ಪದ್ಧತಿ ಎಷ್ಟು ಬದಲಾಗಿತ್ತು ಎಂಬುದನ್ನು ಈ ಮೂರು ಉದಾಹರಣೆಗಳೇ ಹೇಳುತ್ತವೆ.

ಇಷ್ಟಾದರೂ ಹಲ್ಲುಗಳೇ ಯಾಕೆ ಇಷ್ಟು ಸಿಗುತ್ತವೆ? ಡೈನೋಸಾರ್‌ಗಳಿಗೆ ನಮ್ಮಂತೆ ಹಾಲುಹಲ್ಲು ಬಿದ್ದು ಒಮ್ಮೆ ಮಾತ್ರ ಹೊಸ ಹಲ್ಲು ಬರುತ್ತಿರಲಿಲ್ಲ. ಬದುಕಿರುವವರೆಗೂ ಹಲ್ಲು ಬೀಳುತ್ತಿತ್ತು, ಹುಟ್ಟುತ್ತಿತ್ತು. ಟೈರನೋಸಾರಸ್ ರೆಕ್ಸ್‌ನ ಒಂದು ಹಲ್ಲಿನ ಜಾಗಕ್ಕೆ ಇನ್ನೊಂದು ಬರಲು ಸುಮಾರು ಎರಡು ವರ್ಷ ಹಿಡಿಯುತ್ತಿತ್ತು; ಮಡಗಾಸ್ಕರಿನ ಮಜುಂಗಾಸಾರಸ್‌ಗೆ ಎರಡು ತಿಂಗಳು ಸಾಕಾಗುತ್ತಿತ್ತು. ಹೀಗೆ ಉದುರಿದ ಹಲ್ಲಿಗೆ ಬೇರು ಇರುವುದಿಲ್ಲ. ಒಳಗಿನಿಂದ ಹೊಸ ಹಲ್ಲು ಮೇಲೆ ಬರುವಾಗ ಹಳೆಯದರ ಬೇರು ಕರಗಿ ಬುಡದಲ್ಲಿ ಗುಳಿ ಬಿದ್ದಿರುತ್ತದೆ. ಸಂತೆಯಲ್ಲಿ ಅಖಂಡವಾದ ಉದ್ದ ಬೇರಿನ ಹಲ್ಲು ಕಂಡರೆ ಅದು ಸತ್ತ ಪ್ರಾಣಿಯ ದವಡೆಯಿಂದ ಬಂದದ್ದಿರಬೇಕು, ಇಲ್ಲವೇ ಬೇರನ್ನು ಯಾರೋ ಅಂಟಿಸಿರಬೇಕು. ದನದ ಜಾತ್ರೆಯಲ್ಲಿ ರೈತ ಹೋರಿಯ ಬಾಯಿ ಬಿಡಿಸಿ ‘ಎರಡು ಹಲ್ಲು’, ‘ನಾಲ್ಕು ಹಲ್ಲು’, ‘ಬಾಯಿಗೂಡಿದೆ’ ಎಂದು ನಿಖರವಾಗಿ ಹೇಳುತ್ತಾನೆ. ಆದರೆ ಅವನ ಎದುರು ಹೋರಿಯೇ ನಿಂತಿರುತ್ತದೆ. ಪಳೆಯುಳಿಕೆ ಕೊಳ್ಳುವವನ ಕೈಯಲ್ಲಿರುವುದು ಹಲ್ಲು ಮಾತ್ರ. ಅವನು ಅದರಿಂದ ಹೋರಿಯನ್ನೇ ಊಹಿಸಬೇಕು.

ಆ ಊಹೆಗೆ ಹಲ್ಲು ಕೊಡುವ ಸುಳಿವುಗಳು ಕಡಿಮೆಯೇನಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಇದ್ದರೆ ಸಾಕು. ಕತ್ತಿಯಲಗಿನಂತೆ ಚಪ್ಪಟೆಯಾಗಿ, ಅಂಚಿನ ಹತ್ತಿರ ಎನಾಮಲ್‌ನಲ್ಲಿ ಸಣ್ಣ ಸುಕ್ಕುಗಳಿರುವ ದೊಡ್ಡ ಹಲ್ಲು ಕಾರ್ಕರೊಡಾಂಟೊಸಾರ್ ಗುಂಪಿನದು. ದಪ್ಪಗೆ, ಅಡ್ಡ ಕತ್ತರಿಸಿದರೆ ಮೊಟ್ಟೆಯಾಕಾರ ಕಾಣುವಂಥದು ದೊಡ್ಡ ಟೈರನೋಸಾರ್‌ನದು. ಅದರ ಮುಂಬಾಯಿಯ ಹಲ್ಲಿನ ಅಡ್ಡಕೊಯ್ತ ಇಂಗ್ಲಿಷಿನ ‘ಡಿ’ ಅಕ್ಷರದಂತೆ ಹಿಂಭಾಗ ಚಪ್ಪಟೆ. ಶಂಕುವಿನಂತೆ ದುಂಡಗೆ, ಉದ್ದುದ್ದ ಗೆರೆಗಳಿದ್ದು ಅಂಚಿನಲ್ಲಿ ಗರಗಸದ ಮೊನೆ ಇಲ್ಲದ್ದು ಅಥವಾ ಇದೆಯೋ ಇಲ್ಲವೋ ಎನ್ನುವಂಥದು ಸ್ಪೈನೋಸಾರ್‌ಗಳದು. ಹಿಂದಿನ ಅಂಚಿನ ಮೊನೆಗಳು ಮುಂದಿನ ಅಂಚಿನವಕ್ಕಿಂತ ಎದ್ದು ಕಾಣುವಷ್ಟು ದೊಡ್ಡದಾಗಿದ್ದರೆ ಡ್ರೋಮಿಯೊಸಾರ್ ಕಡೆಗೆ ನೋಡಬೇಕು. 1990ರಲ್ಲಿ ಕರಿ ಮತ್ತು ಸಂಗಡಿಗರು ಕೆನಡಾದ ಆಲ್ಬರ್ಟಾದ ಚಿಕ್ಕ ಮಾಂಸಾಹಾರಿಗಳ ಹಲ್ಲುಗಳನ್ನು ಹೀಗೆ ಅಳೆದು ವಿಂಗಡಿಸಿದ ಮೇಲೆ, ಹಲ್ಲಿನ ಎತ್ತರ, ಬುಡದ ಉದ್ದಗಲ, ಐದು ಮಿಲಿಮೀಟರಿಗೆ ಎಷ್ಟು ಮೊನೆ ಎಂಬ ಲೆಕ್ಕ, ಇವೆಲ್ಲ ಈ ಕೆಲಸದ ಸಾಮಾನ್ಯ ಸಾಧನಗಳಾದವು. ಆದರೆ ಗಮನಿಸಿ: ಈ ಸುಳಿವುಗಳೆಲ್ಲ ಗುಂಪನ್ನು ಹೇಳುತ್ತವೆ. ಗುಂಪಿನೊಳಗೆ ಯಾವ ಪ್ರಾಣಿ ಎಂದು ಕೇಳಿದರೆ ಹಲ್ಲು ತಡವರಿಸುತ್ತದೆ. ಎಷ್ಟೋ ಸಲ ಗುಂಪನ್ನು ಹೇಳುವುದರಲ್ಲೂ ಮೋಸಹೋಗಬಹುದು. 1840ರ ದಶಕದಲ್ಲಿ ರಿಚರ್ಡ್ ಓವೆನ್ ಸುಕೊಸಾರಸ್ ಎಂದು ಹೆಸರಿಟ್ಟು ಮೊಸಳೆಯದೆಂದಿದ್ದ ಇಂಗ್ಲೆಂಡಿನ ಹಲ್ಲುಗಳು ಸ್ಪೈನೋಸಾರ್ ಬಳಗದವು ಎಂದು ತಿಳಿದದ್ದು, 1983ರಲ್ಲಿ ಸರ‍್ರೆಯ ಮಣ್ಣಿನ ಗಣಿಯಲ್ಲಿ ಬ್ಯಾರಿಯೊನಿಕ್ಸ್‌ನ ಅಸ್ಥಿಪಂಜರ ಸಿಕ್ಕಿ, ಅದರ ದವಡೆಯಲ್ಲಿ ಅಂಥವೇ ಹಲ್ಲುಗಳು ಕಂಡ ಮೇಲೆ.

ಮೊರಾಕ್ಕೊದ ಚೀಟಿಗಳಲ್ಲಿ ಅತಿ ವಿಶ್ವಾಸದಿಂದ ಬರೆಯುವ ಕಾರ್ಕರೊಡಾಂಟೊಸಾರಸ್ ಎಂಬ ಹೆಸರಿನ ಹಿನ್ನೆಲೆಯೇ ಇದಕ್ಕೆ ಒಳ್ಳೆಯ ಸಾಕ್ಷಿ. ಅಲ್ಜೀರಿಯಾದ ತಿಮಿಮೂನ್ ಬಳಿ ಸಿಕ್ಕಿದ್ದ ಎರಡು ಹಲ್ಲುಗಳಿಂದ 1925ರಲ್ಲಿ ದೆಪೆರೆ ಮತ್ತು ಸವೊರ್ನಿನ್ ಒಂದು ಹೊಸ ಪ್ರಭೇದವನ್ನು ಹೆಸರಿಸಿದರು; ಕುಲ ಮಾತ್ರ ಇಂಗ್ಲೆಂಡಿನ ಮೆಗಾಲೊಸಾರಸ್. ಈಜಿಪ್ಟಿನ ಬಹರಿಯಾ ಓಯಸಿಸ್‌ನಲ್ಲಿ ಸಿಕ್ಕಿದ್ದ ಅಸ್ಥಿಪಂಜರದ ಹಲ್ಲುಗಳು ಅವನ್ನೇ ಹೋಲುತ್ತವೆ ಎಂದು ಜರ್ಮನಿಯ ಅರ್ನ್‌ಸ್ಟ್ ಸ್ಟ್ರೋಮರ್ 1931ರಲ್ಲಿ ಎರಡನ್ನೂ ಸೇರಿಸಿ ಕಾರ್ಕರೊಡಾಂಟೊಸಾರಸ್ ಎಂದ. ಅಲ್ಜೀರಿಯಾದ ಹಲ್ಲುಗಳು ಕಳೆದುಹೋದವು. ಸ್ಟ್ರೋಮರ್‌ನ ಅಸ್ಥಿಪಂಜರ 1944ರ ಏಪ್ರಿಲ್‌ನಲ್ಲಿ ಮ್ಯೂನಿಕ್ ಮೇಲೆ ಬಾಂಬು ಬಿದ್ದಾಗ ಸುಟ್ಟುಹೋಯಿತು. ಕೆಮ್ ಕೆಮ್‌ನಲ್ಲಿ ಸೆರೆನೊ ತಂಡಕ್ಕೆ ಸಿಕ್ಕ ತಲೆಬುರುಡೆಯನ್ನು 2007ರಲ್ಲಿ ಆ ಹೆಸರಿನ ಹೊಸ ಆಧಾರವಾಗಿ ಗೊತ್ತುಮಾಡಿದರು. ಕಡೆಗೆ 2025ರ ಜನವರಿಯಲ್ಲಿ, ಸುಟ್ಟುಹೋದ ಈಜಿಪ್ಟಿನ ಮೂಳೆಗಳ ಹಳೆಯ ಫೋಟೊಗಳನ್ನು ಮರುಪರಿಶೀಲಿಸಿದ ಸಂಶೋಧಕರು ಅದು ಬೇರೆಯೇ ಪ್ರಾಣಿ ಎಂದು ಟಮೆರಿರ‍್ಯಾಪ್ಟರ್ ಎಂಬ ಹೊಸ ಹೆಸರು ಕೊಟ್ಟರು. ಹಲ್ಲುಗಳ ಹೋಲಿಕೆಯಿಂದ ಹುಟ್ಟಿದ ನಂಟು ತೊಂಬತ್ತು ವರ್ಷಗಳ ಮೇಲೆ, ಮೂಳೆಗಳ ಚಿತ್ರ ನೋಡಿ ಬಿಟ್ಟುಹೋಯಿತು. ಈ ಪ್ರಾಣಿಗಳ ಹಲ್ಲು ಒಂದನ್ನೊಂದು ಅಷ್ಟು ಹೋಲುತ್ತವೆ ಎಂದಾದರೆ, ಸಹಾರಾದ ಯಾವುದೋ ಮೂಲೆಯಿಂದ ಬಂದ ಬಿಡಿ ಹಲ್ಲಿನ ಮೇಲೆ ಪ್ರಭೇದದ ಹೆಸರು ಬರೆಯುವವನು ಯಾವ ಆಧಾರದ ಮೇಲೆ ಬರೆಯುತ್ತಾನೆ?

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದೇ. ಎಲ್ಲ ಹಲ್ಲುಗಳೂ ಇಷ್ಟು ಅನಿಶ್ಚಿತವಲ್ಲ. ಮೊಂಟಾನಾದ ಹೆಲ್ ಕ್ರೀಕ್ ಪದರದಿಂದ ಬಂದ, ಅಂಗೈಯುದ್ದದ ದಪ್ಪ ಹಲ್ಲು ಟೈರನೋಸಾರಸ್ ರೆಕ್ಸ್‌ನದಲ್ಲದೆ ಇನ್ನಾವುದು? ಒಪ್ಪಬೇಕು. ಆದರೆ ಆ ನಿಶ್ಚಯ ಎಲ್ಲಿಂದ ಬಂತು? ಆ ಪದರದಲ್ಲಿ ಅಷ್ಟು ದೊಡ್ಡ ಮಾಂಸಾಹಾರಿ ಇನ್ನೊಂದು ಈವರೆಗೆ ಸಿಕ್ಕಿಲ್ಲ ಎಂಬುದರಿಂದ. ಅಂದರೆ ಹೆಸರನ್ನು ಹೇಳಿದ್ದು ಮತ್ತೆ ಊರೇ. ಅದೇ ಹಲ್ಲನ್ನು ಊರು ಹೇಳದೆ ಮೇಜಿನ ಮೇಲಿಟ್ಟರೆ ಮಂಗೋಲಿಯಾದ ಟಾರ್ಬೊಸಾರಸ್‌ನ ಹಲ್ಲಿನಿಂದ ಬೇರೆ ಮಾಡುವುದು ತಜ್ಞರಿಗೂ ಕಷ್ಟ. ಹಲ್ಲು ಚಿಕ್ಕದಾದರಂತೂ ಹೆಲ್ ಕ್ರೀಕ್‌ನ ಹೆಸರೂ ಸಾಲದು. ಅಲ್ಲಿ 1942ರಲ್ಲಿ ಸಿಕ್ಕ ಒಂದು ಸಣ್ಣ ತಲೆಬುರುಡೆಯನ್ನು 1946ರಲ್ಲಿ ಗೋರ್ಗೊಸಾರಸ್ ಎಂದರು. 1988ರಲ್ಲಿ ನ್ಯಾನೊಟೈರನಸ್ ಎಂಬ ಬೇರೆ ಕುಲವೆಂದರು. 1999ರಿಂದಾಚೆಗೆ ಬಹಳ ಮಂದಿ ಅದು ಎಳೆಯ ಟೈರನೋಸಾರಸ್ ಅಷ್ಟೇ ಎಂದರು. 2025ರ ಕೊನೆಯಲ್ಲಿ ಹೊಸದೊಂದು ಅಸ್ಥಿಪಂಜರದ ಅಧ್ಯಯನ ನ್ಯಾನೊಟೈರನಸ್ ಬೇರೆಯೇ ಎಂಬ ಪಕ್ಷವನ್ನು ಬಲವಾಗಿ ಮುಂದಿಟ್ಟಿತು. ಪೂರ್ತಿ ತಲೆಬುರುಡೆಯ ವಿಚಾರದಲ್ಲೇ ಇಷ್ಟು ಹೊಯ್ದಾಟವಾಗಿರುವಾಗ, ಈ ದಶಕಗಳ ಉದ್ದಕ್ಕೂ ಸಂತೆಯಲ್ಲಿ ಚಿಕ್ಕ ಹಲ್ಲುಗಳ ಮೇಲೆ ಒಂದೋ ಆ ಹೆಸರು, ಇಲ್ಲವೇ ಈ ಹೆಸರು ಯಾವ ಅಳುಕೂ ಇಲ್ಲದೆ ಬರೆಯಲ್ಪಟ್ಟಿತು.

ಎರಡನೆಯ ಆಕ್ಷೇಪ ಹೊಸ ಕಾಲದ್ದು: ಈಗ ಸಾವಿರಾರು ಹಲ್ಲುಗಳ ಅಳತೆಗಳಿವೆ, ಕಂಪ್ಯೂಟರ್ ಹೋಲಿಸಿ ನೋಡುತ್ತದೆ, ಹಳೆಯ ಕಾಲದ ತಪ್ಪುಗಳನ್ನು ಈಗ ಯಾಕೆ ಎತ್ತಬೇಕು? ಅಳತೆಗಳು ಕೆಲಸವನ್ನು ಹಸನು ಮಾಡಿವೆ, ನಿಜ. ಆದರೆ ಅವು ಹೋಲಿಸುವುದು ಈಗಾಗಲೇ ದವಡೆಯಲ್ಲಿ ಸಿಕ್ಕ ಹಲ್ಲುಗಳಿಗೆ. ದವಡೆಯೇ ಸಿಗದ ಪ್ರಾಣಿ ಆ ಪಟ್ಟಿಯಲ್ಲಿ ಇರುವುದೇ ಇಲ್ಲ; ಅದರ ಹಲ್ಲನ್ನು ಕೊಟ್ಟರೆ ಲೆಕ್ಕ ಅದನ್ನು ಹತ್ತಿರದ ಇನ್ನಾವುದಕ್ಕೋ ಸೇರಿಸುತ್ತದೆ. ಒಂದೇ ಪ್ರಾಣಿಯ ಬಾಯಲ್ಲಿ ಮುಂದಿನ ಹಲ್ಲಿಗೂ ಹಿಂದಿನ ಹಲ್ಲಿಗೂ, ಎಳೆಯದಕ್ಕೂ ಬಲಿತದ್ದಕ್ಕೂ ಇರುವ ವ್ಯತ್ಯಾಸ ಕೆಲವೊಮ್ಮೆ ಎರಡು ಬೇರೆ ಪ್ರಾಣಿಗಳ ನಡುವಿನದಕ್ಕಿಂತ ಹೆಚ್ಚು. 1868ರಲ್ಲಿ ಲೈಡಿ ಔಬ್ಲಿಸೊಡಾನ್ ಎಂದು ಕರೆದ, ಮೊನೆಗಳಿಲ್ಲದ ಸಣ್ಣ ಹಲ್ಲುಗಳು ಎಳೆಯ ಟೈರನೋಸಾರ್‌ಗಳ ಮುಂಬಾಯಿಯವು ಎಂದು ಈಗ ಹೆಚ್ಚಿನವರು ತಿಳಿಯುತ್ತಾರೆ. ಕಂಪ್ಯೂಟರ್ ನಮ್ಮ ಅಜ್ಞಾನದ ಗಾತ್ರವನ್ನು ಅಳೆಯಬಲ್ಲದು, ಆದರೆ ಅದನ್ನು ತುಂಬಲಾರದು.

ಮೂರನೆಯದು ಇನ್ನೂ ಸೂಕ್ಷ್ಮ. ವಿಜ್ಞಾನಿಗಳು ಇಂದಿಗೂ ಒಂದೇ ಹಲ್ಲಿನಿಂದ ದೊಡ್ಡ ಮಾತು ಹೇಳುವುದಿಲ್ಲವೇ? ಹೇಳುತ್ತಾರೆ. ತಮಿಳುನಾಡಿನ ಅರಿಯಲೂರು ಕಡೆಯ ಕಲ್ಲಮೇಡು ಪದರದಲ್ಲಿ ಸಿಕ್ಕ ಒಂದು ಪುಟ್ಟ ಹಲ್ಲಿನ ಆಧಾರದ ಮೇಲೆ ಅಂಜಲಿ ಗೋಸ್ವಾಮಿ, ಜಿ.ವಿ.ಆರ್. ಪ್ರಸಾದ್ ಮತ್ತು ಸಂಗಡಿಗರು 2013ರಲ್ಲಿ, ಉತ್ತರ ಖಂಡಗಳಲ್ಲಷ್ಟೇ ಇದ್ದವು ಎಂದುಕೊಂಡಿದ್ದ ಟ್ರೂಡಾಂಟಿಡ್ ಮನೆತನ ಭಾರತದಲ್ಲೂ ಇತ್ತು ಎಂದು ವಾದಿಸಿದರು. ಆದರೆ ಅವರು ಮಾಡಿದ್ದನ್ನೂ ದಾಸ್‌ಗುಪ್ತ ಮಾಡಿದ್ದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಅವರು ಹೊಸ ಕುಲ ಕಟ್ಟಲಿಲ್ಲ. ಮನೆತನದ ಮಟ್ಟದಲ್ಲಿ ನಿಂತರು. ಆ ಹಲ್ಲಿನ ಇಡೀ ಮಹತ್ವ ನಿಂತಿರುವುದು ಅದು ಯಾವ ಜಾಗದ, ಯಾವ ಪದರದ್ದು ಎಂಬ ಖಚಿತ ದಾಖಲೆಯ ಮೇಲೆ. ಮುಂದೆ ಒಂದು ದವಡೆ ಸಿಕ್ಕಿ ಅವರ ನಿರ್ಣಯ ತಪ್ಪೆಂದಾದರೂ ಆ ಹಲ್ಲು ಬೆಲೆ ಕಳೆದುಕೊಳ್ಳುವುದಿಲ್ಲ, ಯಾಕೆಂದರೆ ಅದನ್ನು ಮತ್ತೆ ಪ್ರಶ್ನಿಸಬಹುದು. ಊರು ಗೊತ್ತಿಲ್ಲದ ಅಂಥದೇ ಹಲ್ಲು ಯಾರದೋ ಕಪಾಟಿನಲ್ಲಿದ್ದಿದ್ದರೆ ಅದು ಯಾವ ವಾದಕ್ಕೂ ಒದಗುತ್ತಿರಲಿಲ್ಲ.

ಇನ್ನುಳಿದದ್ದು ಹಣದ ಮಾತು. 1997ರಲ್ಲಿ ‘ಸೂ’ ಎಂಬ ಟೈರನೋಸಾರಸ್ ಅಸ್ಥಿಪಂಜರ 83.6 ಲಕ್ಷ ಡಾಲರಿಗೆ, 2020ರಲ್ಲಿ ‘ಸ್ಟ್ಯಾನ್’ 3.18 ಕೋಟಿ ಡಾಲರಿಗೆ ಹರಾಜಾದವು. ಪ್ರಾಣಿಯ ಹೆಸರೇ ಸರಕಾದ ಮೇಲೆ ಪ್ರತಿ ಹಲ್ಲಿಗೂ ಹೆಸರು ಬೇಕಾಯಿತು. ‘ಯಾವುದೋ ಅಬೆಲಿಸಾರ್’ ಎಂಬ ಪ್ರಾಮಾಣಿಕ ಚೀಟಿಗಿಂತ ‘ರ‍್ಯಾಪ್ಟರ್’ ಎಂಬ ಚೀಟಿಗೆ ಗಿರಾಕಿ ಹೆಚ್ಚು. ಕೈಚಳಕವೂ ಇದರ ಜೊತೆಗೇ ಬೆಳೆಯಿತು. ಒಂದು ಹಲ್ಲಿನ ತುದಿಗೆ ಇನ್ನೊಂದರ ಬುಡ ಜೋಡಿಸುವುದು, ಮುರಿದ ಜಾಗವನ್ನು ಅಂಟು ಮತ್ತು ಅಲ್ಲಿನದೇ ಕೆಂಪು ಮರಳಿನಿಂದ ಮೆತ್ತುವುದು, ಸವೆದ ಅಂಚಿಗೆ ಮೊನೆ ಕೊರೆಯುವುದು. ಭೂತಗನ್ನಡಿಯಲ್ಲಿ ನೋಡಿದರೆ ಎನಾಮಲ್‌ನ ಗೆರೆಗಳು ಜೋಡಣೆಯ ಜಾಗದಲ್ಲಿ ತಟ್ಟನೆ ನಿಂತುಬಿಡುತ್ತವೆ. ಅಲ್ಟ್ರಾವಯಲೆಟ್ ಬೆಳಕು ಬಿಟ್ಟರೆ ಹಲವು ಅಂಟುಗಳು ಹಲ್ಲಿಗಿಂತ ಬೇರೆ ಬಣ್ಣದಲ್ಲಿ ಹೊಳೆಯುತ್ತವೆ. ಅಸಿಟೋನ್ ತಾಗಿಸಿದರೆ ಮೆತ್ತಿದ ಮರಳು ಮೆತ್ತಗಾಗುವುದೂ ಉಂಟು. ಊರಿನ ಪ್ರಶ್ನೆಗೆ ಕಾನೂನಿನ ಮುಖವೂ ಇದೆ. 2012ರಲ್ಲಿ ನ್ಯೂಯಾರ್ಕಿನಲ್ಲಿ ಹತ್ತು ಲಕ್ಷ ಡಾಲರಿಗೂ ಮಿಕ್ಕಿ ಹರಾಜು ಕೂಗಿದ ಒಂದು ಟಾರ್ಬೊಸಾರಸ್ ಅಸ್ಥಿಪಂಜರ ಮಂಗೋಲಿಯಾದಿಂದ ಕಳ್ಳದಾರಿಯಲ್ಲಿ ಬಂದದ್ದೆಂದು ತಿಳಿದು ಅಮೆರಿಕ ಸರ್ಕಾರ ಅದನ್ನು ವಶಪಡಿಸಿಕೊಂಡಿತು. ಮರುವರ್ಷ ಅದು ಮಂಗೋಲಿಯಾಕ್ಕೆ ಮರಳಿತು. ಆಮದಿನ ಕಾಗದದಲ್ಲಿ ಅದರ ಮೂಲ ಗ್ರೇಟ್ ಬ್ರಿಟನ್ ಎಂದು ಬರೆದಿತ್ತು. ಪಳೆಯುಳಿಕೆಗಳನ್ನು ದೇಶದ ಸ್ವತ್ತೆಂದು ಎಣಿಸುವ ಮಂಗೋಲಿಯಾದಂಥ ನಾಡಿನ ಹಲ್ಲಿಗೆ ಊರು ಮುಚ್ಚಿಡುವ ವ್ಯಾಪಾರಿಗೆ ಮುಚ್ಚಿಡಲು ಕಾರಣವಿದೆ ಎಂದೇ ಅರ್ಥ.

‘ನಾನು ವಿಜ್ಞಾನಿಯಲ್ಲ, ನನಗೆ ಖುಷಿಗೊಂದು ಹಲ್ಲು ಸಾಕು’ ಎನ್ನುವವರ ಮಾತಿಗೂ ಉತ್ತರ ಬೇಕು. ಖುಷಿಗೆ ಕೊಳ್ಳುವುದು ತಪ್ಪಲ್ಲ. ಆದರೆ ಖುಷಿಗೆ ಕೊಳ್ಳುವವನೂ ಹೆಸರಿಗೇ ಹಣ ಕೊಡುತ್ತಾನೆ. ಆ ಹೆಸರು ಊಹೆಯಾಗಿದ್ದರೆ ಅವನು ಊಹೆಗೆ ಹಣ ಕೊಟ್ಟಂತಾಯಿತು. ಕರ್ನಾಟಕದ ಸಂಗ್ರಹಕಾರರಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ನಮ್ಮ ನೆಲದ ಬಹುಭಾಗ 250 ಕೋಟಿ ವರ್ಷಕ್ಕೂ ಹಿಂದಿನ ಬಂಡೆ, ಉತ್ತರದಲ್ಲಿ ಲಾವಾದ ಹಾಸು. ಇಲ್ಲಿನ ಕಪಾಟು ಸೇರುವ ಡೈನೋಸಾರ್ ಹಲ್ಲು ಹೊರಗಿನಿಂದಲೇ ಬಂದಿರುತ್ತದೆ. ಊರಿನ ವಿಚಾರದಲ್ಲಿ ನಾವು ನೆಚ್ಚಬೇಕಾದದ್ದು ಬರೀ ಜೊತೆಗಿನ ಕಾಗದವನ್ನು. ಆ ಕಾಗದದಲ್ಲಿ ದೇಶದ ಹೆಸರಷ್ಟೇ ಇದ್ದರೆ ಸಾಲದು. ಪದರದ ಹೆಸರು, ಹತ್ತಿರದ ಊರು, ತೆಗೆದ ವರ್ಷ, ಎಲ್ಲೆಲ್ಲಿ ದುರಸ್ತಿ ಮಾಡಿದೆ ಎಂಬ ವಿವರ ಇರಬೇಕು. ಇವನ್ನು ಕೊಡಲಾರದವನು ಪ್ರಭೇದದ ಹೆಸರನ್ನು ಮಾತ್ರ ಧೈರ್ಯವಾಗಿ ಕೊಡುತ್ತಾನೆಂದರೆ, ಆ ಧೈರ್ಯವೇ ಅವನ ಮೇಲೆ ಸಂಶಯಪಡಲು ಸಾಕು. ‘ಕೆಮ್ ಕೆಮ್, ಟಾವೂಜ್ ಹತ್ತಿರ, ಅಬೆಲಿಸಾರ್ ಬಗೆಯ ಹಲ್ಲು, ತುದಿ ದುರಸ್ತಿಯಾಗಿದೆ’ ಎಂದು ಬರೆದುಕೊಡುವ ವ್ಯಾಪಾರಿ ಕಡಿಮೆ ಹೇಳಿದಂತೆ ಕಾಣುತ್ತದೆ. ಆದರೆ ಎರಡು ಶತಮಾನಗಳ ಲೆಕ್ಕ ನೋಡಿದರೆ ಅಂಥ ಚೀಟಿಯೇ ಹೆಚ್ಚು ಕಾಲ ಬಾಳುತ್ತದೆ. ಮ್ಯಾಂಟೆಲ್, ಲೈಡಿ, ಲಿಡೆಕ್ಕರ್, ಸ್ಟ್ರೋಮರ್ ಕೊಟ್ಟ ಹೆಸರುಗಳು ತಿದ್ದುಪಡಿಯಾದವು, ಇಲ್ಲವೇ ಬಿದ್ದುಹೋದವು. ಅವರ ಬರಹಗಳಲ್ಲಿರುವ ಟಿಲ್‌ಗೇಟ್, ಜೂಡಿತ್ ನದಿ, ತಾಕ್ಲಿ, ಬಹರಿಯಾ ಮಾತ್ರ ಇಂದಿಗೂ ನಂಬಲರ್ಹ. ಅವುಗಳ ನೆರವಿನಿಂದಲೇ ಮುಂದಿನವರು ಅವರ ತಪ್ಪುಗಳನ್ನು ತಿದ್ದಿದರು. ಕೊಳ್ಳುವವನು ಹಣ ತೆರಬೇಕಾದದ್ದು ಹಾಗೆ ತಿದ್ದಲು ಅವಕಾಶ ಉಳಿಸುವ ಹಲ್ಲಿಗೆ.